ಹಸಿರು ಎಲ್ಲಿ ಅದ ತಮ್ಮಾ?

ಚಡಚಣಕ್ಕೆ ಬಟ್ಟೆ ಕೊಳ್ಳಲು ಬರುವವರು ಬೋರ್ಡು ಓದುವುದಿಲ್ಲ. ಮಂಗಳವೇಢೆ, ಜತ್ತ, ಸೊಲ್ಲಾಪುರದ ಕಡೆಯ ಹಳ್ಳಿಗಳಿಂದ ಗಾಡಿ ಮಾಡಿಕೊಂಡು ಲಗ್ನದ ಬಸ್ತಾ ಕಟ್ಟಿಸಲು ಬರುವ ಮಂದಿ, ತಮ್ಮ ಅಜ್ಜ ಯಾವ ಅಂಗಡಿಯ ಗಾದಿಯ ಮೇಲೆ ಕುಳಿತು ಸೀರೆ ಬಿಚ್ಚಿಸಿದ್ದನೋ ಅದೇ ಗಾದಿ ಹುಡುಕಿಕೊಂಡು ಬರುತ್ತಾರೆ. ಕಟ್ಟಡ ಬದಲಾಗಿರಲಿ, ಹೆಸರು ಬದಲಾಗಿರಲಿ, ಅವರಿಗೆ ಅದು ಇಂಥವರ ಅಂಗಡಿ, ಅಷ್ಟೇ. ಇಂಥ ಪೇಟೆಯಲ್ಲಿ ‘ವೆಬ್‌ಸೈಟ್ ಮಾಡಿಕೊಡಲಾಗುವುದು’ ಎಂದು ಫಲಕ ತೂಗುಹಾಕಿಕೊಂಡವನು ನಾನು. ಹೊಟ್ಟೆಗೆ ಹಾಕುತ್ತಿದ್ದದ್ದು ಝೆರಾಕ್ಸು, ಉತಾರ, ಪ್ಯಾನ್ ಕಾರ್ಡು, ಲಗ್ನಪತ್ರಿಕೆಯ ಡಿಟಿಪಿ. ವೆಬ್‌ಸೈಟು ನನ್ನ ಜಂಬಕ್ಕೆ ಇಟ್ಟುಕೊಂಡ ಕಸುಬು.

2019ರಲ್ಲಿ ಪೇಟೆಯ ದೊಡ್ಡ ಜವಳಿ ಅಂಗಡಿಯೊಂದರ ಸೈಟು ಮಾಡುವ ಕೆಲಸ ಸಿಕ್ಕಿತು. ಇಳಕಲ್ ಸೀರೆ, ಪೈಠಣಿ, ಧೋತರ, ರುಮಾಲು, ಇವುಗಳ ಫೋಟೊ. ಮೇಲೊಬ್ಬ ಗಣಪತಿ, ಕೆಳಗೊಂದು ಫೋನ್ ನಂಬರು, ಪಕ್ಕದಲ್ಲಿ ವಾಟ್ಸ್ಆ್ಯಪ್ ಗುಂಡಿ. ಸೈಟಿನಲ್ಲಿ ಹಣ ಕಟ್ಟುವ ವ್ಯವಸ್ಥೆ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಸೆರಗು ಮುಟ್ಟಿ ನೋಡದೆ ರೊಕ್ಕ ಬಿಚ್ಚುವ ಜನ ನಮ್ಮ ಕಡೆಯವರಲ್ಲ. ಈ ವಿವರ ಸ್ವಲ್ಪ ನೆನಪಿಟ್ಟುಕೊಳ್ಳಿ, ನನ್ನ ಪೆದ್ದುತನದ ಅಳತೆ ಮುಂದೆ ಇದರಿಂದಲೇ ಸಿಗುತ್ತದೆ.

ಸೈಟು ಹತ್ತಿದ ಮರುದಿನವೇ ಸಾಹುಕಾರರಿಂದ ಬುಲಾವು. ಊರಿನ ಅರ್ಧ ಜನ ಅವರನ್ನು ಕಾಕಾ ಅನ್ನುತ್ತಾರೆ, ನಾನೂ ಹಾಗೇ ಅನ್ನುವವನು. ಕಾಕಾನ ಮೊಮ್ಮಗ ಫೋನ್ ಹಿಡಿದು ನಿಂತಿದ್ದ. ವಿಳಾಸದ ಪಕ್ಕದಲ್ಲಿ ‘ಸುರಕ್ಷಿತವಾಗಿಲ್ಲ’ ಎಂದು ಬರೆದಿತ್ತು. ಎಚ್‌ಟಿಟಿಪಿಎಸ್ ಎಂಬ ಸುರಕ್ಷಿತ ಸಂಪರ್ಕ ಇಲ್ಲದ ಎಲ್ಲ ಸೈಟುಗಳಿಗೂ ಕ್ರೋಮ್ 2018ರ ಜುಲೈನಿಂದ ಈ ಪಟ್ಟಿ ಹಚ್ಚುತ್ತಿತ್ತು. ಕಾಕಾಗೆ ಅದೆಲ್ಲ ಏಕೆ?

“ಯಾರಪ್ಪಾ ಇದನ್ನ ಬರದವ? ಮೂರು ತಲಿಯಿಂದ ಅಂಗಡಿ ನಡಸೀವಿ, ಒಬ್ಬ ಗಿರಾಕಿ ಹಿಂಗ ಅಂದಿಲ್ಲ.”

“ಗೂಗಲ್‌ನವರು ಎಲ್ಲಾರಿಗೂ ಬರೀತಾರ್ರಿ ಕಾಕಾ.”

“ಎಲ್ಲಾರಿಗೂ ಬರ್ಕೊಳ್ಳಿ, ನಮಗ ಬ್ಯಾಡ.”

ಅಂದು ನಾನು ಮಾಡಬೇಕಾಗಿದ್ದ ಕೆಲಸ ಒಂದು ಚಹಾ ಆರುವುದರೊಳಗೆ ಮುಗಿಯುವಂಥದು. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ 2015ರ ಡಿಸೆಂಬರ್‌ನಿಂದ ಎಚ್‌ಟಿಟಿಪಿಎಸ್‌ಗೆ ಬೇಕಾಗುವ ಸರ್ಟಿಫಿಕೇಟನ್ನು ಎಲ್ಲರಿಗೂ ಪುಕ್ಕಟೆ ಕೊಡುತ್ತಿತ್ತು. ಮೊಜಿಲ್ಲಾ, ಮಿಶಿಗನ್ ವಿಶ್ವವಿದ್ಯಾಲಯ, ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್‌ನವರು ಸೇರಿ ಕಟ್ಟಿದ್ದು. ನನಗೆ ಗೊತ್ತಿತ್ತು. ನನ್ನ ಸ್ವಂತ ಡಿಟಿಪಿ ಅಂಗಡಿಯ ಸೈಟಿಗೆ ಅದನ್ನೇ ಹಾಕಿಕೊಂಡಿದ್ದೆ ಕೂಡ. ಆದರೆ ಅಷ್ಟು ದೊಡ್ಡ ಗಾದಿಯ ಮುಂದೆ ಕುಳಿತು, ಇದು ಬಿಟ್ಟಿ ಸಿಗುತ್ತದೆ ಎಂದು ಹೇಳಲು ನಾಲಿಗೆ ಹೊರಳಲಿಲ್ಲ. ಸರ್ಟಿಫಿಕೇಟು ಮಾರಿಸಿದರೆ ಮಧ್ಯವರ್ತಿಗೆ ನಾಲ್ಕು ಕಾಸು ಉಳಿಯುತ್ತದೆ ಎಂಬ ವಿಚಾರವೂ ತಲೆಯಲ್ಲಿ ಇಣುಕಿತ್ತು, ಇರಲಿಲ್ಲ ಅಂದರೆ ಸುಳ್ಳಾಗುತ್ತದೆ.

ಹಾಗಾಗಿ ನಾನು ಭಾಷಣ ಶುರುಮಾಡಿದೆ. ಎಸ್‌ಎಸ್‌ಎಲ್ ಸರ್ಟಿಫಿಕೇಟಿನಲ್ಲಿ ಮೂರು ನಮೂನೆ. ಡಿವಿ ಅಂದರೆ ಡೊಮೇನು ನಿಮ್ಮ ಕೈಯಲ್ಲಿ ಇದೆಯೋ ಇಲ್ಲವೋ ಅಷ್ಟನ್ನೇ ನೋಡಿ ಕೊಡುವಂಥದು. ಒವಿ ಅಂದರೆ ಡೊಮೇನಿನ ಜೊತೆ ನಿಮ್ಮ ಸಂಸ್ಥೆ ನಿಜವಾಗಿ ಇದೆಯೇ ಎಂದು ಕಾಗದಪತ್ರ ನೋಡಿ ಕೊಡುವಂಥದು. ಇವಿ ಅಂದರೆ ಇನ್ನೂ ಬಿಗಿ ತಪಾಸಣೆ, ಇನ್ನೂ ಹೆಚ್ಚಿನ ದರ. ಇಷ್ಟು ಸರಿಯಾಗಿಯೇ ಹೇಳಿದ್ದೆ. ಆಮೇಲೆ ಹೇಳಿದ್ದೇ ಅನಾಹುತ. ಇವಿ ಹಾಕಿಸಿದರೆ ವಿಳಾಸದ ಸಾಲಿನಲ್ಲಿ ಹಸಿರು ಪಟ್ಟಿ ಬಂದು ಅದರೊಳಗೆ ಅಂಗಡಿಯ ಹೆಸರೇ ಮೂಡುತ್ತದೆ, ದೊಡ್ಡ ದೊಡ್ಡ ಬ್ಯಾಂಕುಗಳಿಗೆ ಇರುವುದು ಅದೇ ಎಂದೆ. ಮಾರುವವರು ಕಳಿಸಿದ್ದ ಬಣ್ಣದ ಚಿತ್ರವನ್ನು ತೋರಿಸಿದೆ. ಸಾಲದ್ದಕ್ಕೆ ಲಕ್ಷಗಟ್ಟಲೆ ಡಾಲರ್ ವಾರಂಟಿಯ ಮಾತನ್ನೂ ಸೇರಿಸಿದೆ. ಅದು ಸೈಟಿಗೆ ಕನ್ನ ಬಿದ್ದರೆ ಸಿಗುವ ಪರಿಹಾರವಲ್ಲ, ಕೊಡುವ ಸಂಸ್ಥೆಯೇ ತಪ್ಪು ಮನುಷ್ಯನಿಗೆ ಸರ್ಟಿಫಿಕೇಟು ಕೊಟ್ಟು ಅದರಿಂದ ಗಿರಾಕಿಗೆ ನಷ್ಟವಾದರೆ ಮಾತ್ರ ಎಂಬುದನ್ನು ನಾನೇ ಓದಿರಲಿಲ್ಲ.

ಕಾಕಾ ಚಿತ್ರ ನೋಡಿದರು. “ಹಸಿರು ಬರ್ತದಂದ್ರ ಹಸಿರೇ ಹಾಕು. ಎರಡು ವರ್ಷದ್ದು ಒಮ್ಮೇಲೇ ಹಾಕಿಬಿಡು.” ಆಗ ಎರಡು ವರ್ಷದ ಸರ್ಟಿಫಿಕೇಟು ಸಿಗುತ್ತಿತ್ತು.

ತಪಾಸಣೆ ಶುರುವಾದ ಮೇಲೆ ಗೊತ್ತಾಯಿತು, ಪೇಟೆಗೆಲ್ಲ ಗೊತ್ತಿರುವ ಅಂಗಡಿ ಕಾಗದದಲ್ಲಿ ಬೇರೆಯೇ ಎಂದು. ಬೋರ್ಡಿನಲ್ಲಿ ಇದ್ದದ್ದು ಕಾಕಾನ ಅಪ್ಪನ ಹೆಸರು. ಬ್ಯಾಂಕಿನ ಅನುಕೂಲಕ್ಕೆ ಅಣ್ಣತಮ್ಮಂದಿರು ಮಾಡಿಕೊಂಡಿದ್ದ ಪ್ರೈವೇಟ್ ಲಿಮಿಟೆಡ್ ಕಂಪನಿಯ ಹೆಸರು ಇನ್ನೊಂದು. ಕಂಪನಿಯ ಹಳೇ ಕಾಗದದಲ್ಲಿ ತಾಲ್ಲೂಕು ಇಂಡಿ, ಜಿಲ್ಲೆ ಬಿಜಾಪುರ. 2014ರ ನವೆಂಬರ್ 1ರಿಂದ ಜಿಲ್ಲೆ ವಿಜಯಪುರವಾಗಿತ್ತು, ಚಡಚಣವೂ ಆಮೇಲೆ ಇಂಡಿಯಿಂದ ಬೇರೆಯಾಗಿ ತಾಲ್ಲೂಕಾಗಿತ್ತು, ಹಾಗಾಗಿ ಜಿಎಸ್‌ಟಿ ಕಾಗದದಲ್ಲಿ ಹೊಸ ಹೆಸರುಗಳು. ಇಂಗ್ಲಿಷಿನಲ್ಲಿ ನಮ್ಮ ಊರನ್ನು ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ, ಅದು ಬೇರೆ. ಎಲ್ಲೋ ಕುಳಿತ ತಪಾಸಣೆಯವನಿಗೆ ಇದು ಎರಡು ಊರು, ಎರಡು ಜಿಲ್ಲೆ, ಎರಡು ಅಂಗಡಿಯಾಗಿ ಕಂಡಿತು. ಅವನದೇನೂ ತಪ್ಪಿಲ್ಲ. ಅವನ ಕೆಲಸವೇ ಅದು.

“ಕಾಕಾ, ಸಿಎ ಕಡೆಯವರು ಇನ್ನೊಂದು ಕಾಗದ ಕೇಳ್ಯಾರ್ರಿ” ಎಂದೆ ಒಂದು ದಿನ. ಸರ್ಟಿಫಿಕೇಟು ಕೊಡುವ ಅಧಿಕೃತ ಸಂಸ್ಥೆಗೆ ಸಿಎ ಅನ್ನುವುದು ನಮ್ಮ ಕಸುಬಿನವರ ರೂಢಿ. ಕಾಕಾ ವಿಜಯಪುರದ ತಮ್ಮ ಲೆಕ್ಕಪರಿಶೋಧಕರಿಗೆ ಫೋನ್ ಹಚ್ಚಿ, ಕಾಗದ ಬೇಕಾದರೆ ನೇರ ನನ್ನನ್ನು ಕೇಳಬಾರದೇನು ಎಂದು ಚೆನ್ನಾಗಿ ಬೈದರು. ಆ ಪುಣ್ಯಾತ್ಮರಿಗೆ ಇಂದಿಗೂ ಬೈಸಿಕೊಂಡ ಕಾರಣ ತಿಳಿದಿಲ್ಲ ಎಂದು ಕಾಣುತ್ತದೆ.

ಕೊನೆಯ ಹಂತ ಫೋನ್ ಕರೆ. ಅದು ನಾವು ಕೊಟ್ಟ ನಂಬರಿಗೆ ಬರುವುದಿಲ್ಲ. ಸ್ವತಂತ್ರವಾದ ಪಟ್ಟಿಯೊಂದರಲ್ಲಿ ಸಂಸ್ಥೆಯ ಹೆಸರಿನ ಮುಂದೆ ಯಾವ ನಂಬರಿದೆಯೋ ಅದಕ್ಕೆ ಬರುತ್ತದೆ. ಪಟ್ಟಿಯಲ್ಲಿ ಇದ್ದದ್ದು ಅಂಗಡಿಯ ಹಳೇ ಲ್ಯಾಂಡ್‌ಲೈನು. ಅದು ಅಂಗಡಿಯ ಲೆಕ್ಕ ಬರೆಯುವ ದಿವಾನಜಿಯವರ ಮೇಜಿನ ಮೇಲೆ, ರೋಜ್‌ಮೇಳದ ಪುಸ್ತಕಗಳ ನಡುವೆ ಇರುತ್ತಿತ್ತು. ಕಾಕಾಗಿಂತ ಹಿರಿಯರಾದ ದಿವಾನಜಿ, ಆ ಕಡೆಯಿಂದ ಇಂಗ್ಲಿಷು ಕೇಳಿಸಿದ ತಕ್ಷಣ “ನೋ ಲೋನ್, ನೋ ಲೋನ್, ಸಾಲ ಬ್ಯಾಡ್ರಿ” ಎಂದು ಇಟ್ಟುಬಿಟ್ಟರು. ಮತ್ತೆ ಬಂತು, ಮತ್ತೆ ಇಟ್ಟರು. ಇಂಥ ಕರೆ ಬರುತ್ತದೆಂದು ಅವರಿಗೆ ಮೊದಲೇ ಹೇಳಬೇಕಾಗಿದ್ದ ನಾನು ಲಗ್ನಪತ್ರಿಕೆಯ ಪ್ರೂಫ್ ತಿದ್ದುತ್ತಾ ಕುಳಿತಿದ್ದೆ. ಆಮೇಲೆ ಅವರ ಮುಂದೆ ಕುಳಿತು ಪಾಠ ಹೇಳಿಕೊಟ್ಟೆ. ಕರೆ ಬಂದಾಗ ದಿವಾನಜಿ ಎದ್ದು ನಿಂತು ಶಾಲೆಯ ಹುಡುಗನ ಹಾಗೆ “ಎಸ್ ಸರ್” ಎಂದೇ ಎಲ್ಲದಕ್ಕೂ ಉತ್ತರಿಸಿದರು. ಆ ಕಡೆ ಮಾತಾಡುತ್ತಿದ್ದದ್ದು ಹೆಣ್ಣುಮಗಳು.

ಅಂತೂ ಸರ್ಟಿಫಿಕೇಟು ಬಂತು. ಸರ್ವರಿಗೆ ಹಾಕಿದೆ. ತೋರಿಸಲು ಹೋದಾಗ ಮಧ್ಯಾಹ್ನ, ಗಾದಿಯ ಮೇಲೆ ಒಂದು ಲಗ್ನದ ಬಸ್ತಾ ನಡೆದಿತ್ತು. ಬೀಗರ ಕಡೆಯವರು, ಹೆಣ್ಣಿನ ಕಡೆಯವರು, ಬಿಚ್ಚಿದ ಸೀರೆಗಳ ಗುಡ್ಡೆ, ಚಹಾದ ಕಪ್ಪುಗಳು. ಕಾಕಾ ಎಲ್ಲರಿಗೂ ಕೇಳುವಂತೆ, “ಬ್ಯಾಂಕಿಗೆ ಇರ್ತದಲ್ಲ, ಹಂಥಾದ್ದು ನಮಗೂ ಹಾಕಸೀನಿ” ಎಂದು ಫೋನ್ ತೆಗೆದರು. ಸೈಟು ತೆರೆದುಕೊಂಡಿತು. ವಿಳಾಸದ ಪಕ್ಕ ಬೂದುಬಣ್ಣದ ಒಂದು ಸಣ್ಣ ಬೀಗ. ಅಷ್ಟೇ.

“ಹಸಿರು ಎಲ್ಲಿ ಅದ ತಮ್ಮಾ?”

ಫೋನ್ ಹಳೇದಿರಬೇಕು ಎಂದೆ. ಮೊಮ್ಮಗನ ಹೊಸ ಫೋನ್ ಬಂತು. ಅದರಲ್ಲೂ ಬೂದು ಬೀಗ. ಬೀಗರಲ್ಲೊಬ್ಬರು ತಮ್ಮ ಫೋನ್ ತೆಗೆದು ನೋಡಿದರು. ಕಂಪ್ಯೂಟರಿನಲ್ಲಿ ಮಾತ್ರ ಕಾಣುತ್ತದೆ ಎಂದೆ. ದಿವಾನಜಿಯವರ ಟೇಬಲ್ಲಿನ ಕಂಪ್ಯೂಟರು ಹಚ್ಚಿದರು, ಅದು ಏಳುವವರೆಗೆ ಎಲ್ಲರೂ ಸೀರೆ ಬಿಟ್ಟು ಅದರ ಮುಂದೆ ನಿಂತರು. ಬೂದು ಬೀಗ. ಎರಡು ದಿನದಲ್ಲಿ ಬರುತ್ತದೆ ಎಂದು ಹೇಳಿ ಚಪ್ಪಲಿ ಮೆಟ್ಟಿದೆ. ಹಸಿರು ಬಾರದು ಎಂಬುದು ಆ ಹೊತ್ತಿಗೆ ನನಗೆ ಖಾತ್ರಿಯಾಗಿತ್ತು, ಯಾಕೆ ಬಾರದು ಎಂಬುದು ಗೊತ್ತಿರಲಿಲ್ಲ.

ರಾತ್ರಿ ಕುಳಿತು ಓದಿದೆ, ಮಾರುವ ಮೊದಲು ಓದಬೇಕಾಗಿದ್ದನ್ನು. ಕ್ರೋಮ್ ತನ್ನ 77ನೇ ಆವೃತ್ತಿಯಲ್ಲಿ, ಅಂದರೆ 2019ರ ಸೆಪ್ಟೆಂಬರಿನಲ್ಲಿ, ಕಂಪನಿಯ ಹೆಸರನ್ನು ವಿಳಾಸದ ಸಾಲಿನಿಂದ ತೆಗೆದು ಬೀಗವನ್ನು ಒತ್ತಿದರೆ ಮಾತ್ರ ಕಾಣುವ ಒಳಮನೆಗೆ ಹಾಕಿತ್ತು. ಅಕ್ಟೋಬರಿನಲ್ಲಿ ಫೈರ್‌ಫಾಕ್ಸ್ 70 ಅದನ್ನೇ ಮಾಡಿತ್ತು. ಆ್ಯಪಲ್‌ನವರು 2018ರಲ್ಲೇ ಹೆಸರು ಬಿಟ್ಟಿದ್ದರು. ನಾನು ತೋರಿಸಿದ ಬಣ್ಣದ ಚಿತ್ರ ಹಳೇ ಕಾಲದ್ದು. ಆ ಪಟ್ಟಿ ಜನರನ್ನು ಅಂದುಕೊಂಡಂತೆ ಕಾಯುತ್ತಿಲ್ಲ, ಇದ್ದರೂ ಇಲ್ಲದಿದ್ದರೂ ಯಾರೂ ಗಮನಿಸುವುದಿಲ್ಲ ಎಂಬುದು ಕ್ರೋಮ್‌ನವರ ತೀರ್ಮಾನ.

ಇನ್ನೊಂದು ಕಥೆಯೂ ಅಂದೇ ಸಿಕ್ಕಿತು. 2017ರಲ್ಲಿ ಇಯಾನ್ ಕ್ಯಾರೊಲ್ ಎಂಬ ಭದ್ರತಾ ಸಂಶೋಧಕ ಅಮೆರಿಕದ ಕೆಂಟಕಿ ರಾಜ್ಯದಲ್ಲಿ ‘ಸ್ಟ್ರೈಪ್’ ಎಂಬ ಹೆಸರಿನ ಕಂಪನಿಯನ್ನು ಕಾನೂನುಬದ್ಧವಾಗಿಯೇ ನೋಂದಾಯಿಸಿ, ಆ ಹೆಸರಿಗೆ ಇವಿ ಸರ್ಟಿಫಿಕೇಟು ಪಡೆದ. ಹಣ ಪಾವತಿಯ ಹೆಸರಾಂತ ಕಂಪನಿ ಸ್ಟ್ರೈಪ್ ಬೇರೆ ರಾಜ್ಯದ್ದು. ಎರಡೂ ಸೈಟುಗಳ ಹಸಿರು ಪಟ್ಟಿಯಲ್ಲಿ ಒಂದೇ ಹೆಸರು. ಯಾರೂ ಯಾರಿಗೂ ಸುಳ್ಳು ಹೇಳಿರಲಿಲ್ಲ, ಕಾಗದವೆಲ್ಲ ಸರಿಯಾಗಿತ್ತು. ಅದನ್ನು ಓದಿದಾಗ ನನಗೆ ಹೊಳೆದ ಮಾತು ಹೊಟ್ಟೆಯಲ್ಲಿ ಕಲಮಲ ಮಾಡಿತು. ಒಂದು ವೇಳೆ ನಮ್ಮ ಸೈಟಿಗೆ ಹಸಿರು ಪಟ್ಟಿ ಬಂದೇ ಬಿಟ್ಟಿದ್ದರೆ ಅದರಲ್ಲಿ ಮೂಡುತ್ತಿದ್ದದ್ದು ಬ್ಯಾಂಕಿನವರನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲದ ಆ ಪ್ರೈವೇಟ್ ಲಿಮಿಟೆಡ್ ಹೆಸರು. ಜತ್ತದ ಗಿರಾಕಿ ಅದನ್ನು ನೋಡಿ, ಇದು ಬೇರೆ ಯಾರದೋ ಅಂಗಡಿ ಎಂದು ಹಿಂದಕ್ಕೆ ಹೋಗುತ್ತಿದ್ದ.

ಬೀಗ ಹೇಳುವುದು ಇಷ್ಟೇ: ನಿಮ್ಮ ಫೋನಿಗೂ ಈ ಹೆಸರಿನ ಸರ್ವರಿಗೂ ನಡುವಿನ ಮಾತನ್ನು ದಾರಿಯಲ್ಲಿ ಯಾರೂ ಓದಲಾರರು, ತಿದ್ದಲಾರರು. ಸೀಲು ಮಾಡಿದ ರಜಿಸ್ಟರ್ ಟಪಾಲು ಸರಿಯಾದ ವಿಳಾಸಕ್ಕೆ ಮುಟ್ಟಿತೆಂದರೆ ಒಳಗೆ ಬರೆದವನು ಸತ್ಯವಂತ ಎಂದಾಗುವುದಿಲ್ಲವಲ್ಲ. ಮೋಸದ ಸೈಟಿಗೂ ಬೀಗ ಸಿಗುತ್ತದೆ. ಡಿವಿ, ಒವಿ, ಇವಿ ಮೂರರಲ್ಲೂ ಗೂಢಲಿಪಿ ಒಂದೇ. ಹೆಚ್ಚು ರೊಕ್ಕ ಕೊಟ್ಟರೆ ಬೀಗ ಗಟ್ಟಿಯಾಗುವುದಿಲ್ಲ, ಬೀಗ ಕೊಡುವ ಮುಂಚೆ ಕೇಳುವ ಪ್ರಶ್ನೆಗಳು ಹೆಚ್ಚಾಗುತ್ತವೆ. ಎಸ್‌ಎಸ್‌ಎಲ್ ಎಂಬ ಹೆಸರೂ ಈಗ ಬಾಯಿರೂಢಿಗಷ್ಟೇ. 1999ರಲ್ಲಿ ಟಿಎಲ್‌ಎಸ್ ಬಂದು ಅದರ ಜಾಗ ಹಿಡಿಯಿತು, 2018ರಿಂದ ಟಿಎಲ್‌ಎಸ್ 1.3 ಇದೆ.

ಕಾಕಾಗೆ ಮರುದಿನ ಹೋಗಿ ನಿಜ ಹೇಳಿದೆ ಎಂದು ಬರೆಯಲು ಆಸೆಯಾಗುತ್ತದೆ. ಹೇಳಲಿಲ್ಲ. ಬೀಗದ ಮೇಲೆ ಒತ್ತಿದರೆ ಕಂಪನಿ ಹೆಸರು ಬರುತ್ತದೆ, ಈಗ ಹೊಸ ಪದ್ಧತಿ ಹೀಗೆ ಎಂದು ಸಾಗಹಾಕಿದೆ. ಕಾಕಾ ಸ್ವಲ್ಪ ಹೊತ್ತು ನನ್ನ ಮುಖ ನೋಡಿ, “ಇರ್ಲಿ ಬಿಡು” ಎಂದರು. ಬೈದಿದ್ದರೆ ಒಳ್ಳೆಯದಿತ್ತು.

ಅಷ್ಟಕ್ಕೇ ನಿಂತಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಗಡಿಯಾಚೆಯ ಗಿರಾಕಿಗಳಿಗಾಗಿ ಮರಾಠಿ ಪುಟಗಳು ಬೇಕಾದವು. ಒಂದೇ ಡೊಮೇನಿನ ಒಳಗೆ ಒಂದು ಫೋಲ್ಡರು ಮಾಡಿ ಹಾಕಿದ್ದರೆ ಅದೇ ಸರ್ಟಿಫಿಕೇಟು ಸಾಕಾಗುತ್ತಿತ್ತು. ನಾನು ಡೊಮೇನಿನ ಮುಂದೆ ‘ಮರಾಠಿ’ ಎಂದು ಸೇರಿಸಿ ಸಬ್‌ಡೊಮೇನ್ ಮಾಡಿದೆ, ನೋಡಲು ಚೆಂದ ಎಂದು. ತೆರೆದರೆ ಎಚ್ಚರಿಕೆಯ ಪುಟ. ಸರ್ಟಿಫಿಕೇಟಿನಲ್ಲಿ ಬರೆದಿರುವ ಹೆಸರುಗಳಿಗೆ ಮಾತ್ರ ಅದು ಅನ್ವಯ. ಎಲ್ಲ ಸಬ್‌ಡೊಮೇನುಗಳಿಗೂ ಒಂದೇ ಸಾಕು ಅನ್ನುವವರಿಗೆ ನಕ್ಷತ್ರ ಚಿಹ್ನೆಯ ವೈಲ್ಡ್‌ಕಾರ್ಡ್ ಇದೆ, ಅದೂ ಒಂದು ಮೆಟ್ಟಿಲಿನ ಸಬ್‌ಡೊಮೇನಿಗೆ ಮಾತ್ರ ನಡೆಯುತ್ತದೆ. ಇವಿಯಲ್ಲಿ ವೈಲ್ಡ್‌ಕಾರ್ಡ್ ಕೊಡುವುದಕ್ಕೆ ನಿಯಮವೇ ಬಿಡುವುದಿಲ್ಲ. ಹೆಸರು ಸೇರಿಸಬೇಕೆಂದರೆ ಮತ್ತೆ ರೊಕ್ಕ. ಮತ್ತೆ ರೊಕ್ಕ ಕೇಳುವ ಮುಖ ನನಗೆಲ್ಲಿತ್ತು? ಮರಾಠಿ ಭಾಗಕ್ಕೆ ಸದ್ದಿಲ್ಲದೆ ಲೆಟ್ಸ್ ಎನ್‌ಕ್ರಿಪ್ಟ್‌ನ ಪುಕ್ಕಟೆ ಸರ್ಟಿಫಿಕೇಟು ಹಾಕಿದೆ, ತಾನಾಗಿಯೇ ನವೀಕರಣವಾಗುವ ವ್ಯವಸ್ಥೆಯ ಸಮೇತ. ಅಂದಿನಿಂದ ಅಂಗಡಿಯ ಕನ್ನಡದ ಬಾಗಿಲಿಗೆ ಸಾವಿರಾರು ರೂಪಾಯಿಯ ಬೀಗ, ಮರಾಠಿಯ ಬಾಗಿಲಿಗೆ ಬಿಟ್ಟಿ ಬೀಗ. ಎರಡೂ ಕಡೆ ಓಡಾಡಿದ ಒಬ್ಬ ಗಿರಾಕಿಗೂ ವ್ಯತ್ಯಾಸ ಕಾಣಲಿಲ್ಲ.

ಇದರಲ್ಲೊಂದು ಉಪಕಥೆ. ಅವಸರದಲ್ಲಿ ಮೊದಲ ಸಲ ‘ಮರಾಠಿ’ಯ ಇಂಗ್ಲಿಷ್ ಕಾಗುಣಿತವನ್ನೇ ತಪ್ಪಿ ಸರ್ಟಿಫಿಕೇಟು ತೆಗೆಸಿದ್ದೆ. ಅಳಿಸಿದರೆ ಮುಗಿಯಿತು ಅಂದುಕೊಂಡೆ. ಮುಗಿಯಲಿಲ್ಲ. 2018ರ ಏಪ್ರಿಲ್ ಕೊನೆಯಿಂದೀಚೆಗಿನ ಸರ್ಟಿಫಿಕೇಟು ಸಾರ್ವಜನಿಕ ದಾಖಲೆಯಲ್ಲಿ ನಮೂದಾಗಿರದಿದ್ದರೆ ಕ್ರೋಮ್ ಒಪ್ಪುವುದಿಲ್ಲ. ಅಂಥ ದಾಖಲೆ ಏಕೆ ಬೇಕಾಯಿತೆಂದರೆ, ಮುದ್ರೆ ಒತ್ತುವ ಕೈಗಳೂ ಜಾರಿವೆ. 2011ರಲ್ಲಿ ಹಾಲೆಂಡಿನ ಡಿಜಿನೋಟಾರ್ ಎಂಬ ಸಂಸ್ಥೆಗೆ ಕನ್ನ ಹಾಕಿದವರು ಗೂಗಲ್ ಹೆಸರಿನ ಸರ್ಟಿಫಿಕೇಟು ಮಾಡಿಕೊಂಡು ಇರಾನಿನ ಜನರ ಜಿಮೇಲ್‌ಗೆ ಕಣ್ಣಿಟ್ಟರು, ಸಂಸ್ಥೆ ಅದೇ ವರ್ಷ ದಿವಾಳಿಯೆದ್ದಿತು. ನಮ್ಮ ದೇಶದಲ್ಲೂ 2014ರ ಜುಲೈನಲ್ಲಿ ರಾಷ್ಟ್ರೀಯ ಮಾಹಿತಿ ಕೇಂದ್ರದ ಮುದ್ರೆಯಡಿ ಗೂಗಲ್ ಡೊಮೇನುಗಳಿಗೆ ಅನಧಿಕೃತ ಸರ್ಟಿಫಿಕೇಟುಗಳು ಹೊರಬಿದ್ದದ್ದು ಪತ್ತೆಯಾಯಿತು. ಅಂಥವನ್ನು ಹಿಡಿಯಲೆಂದು ಮಾಡಿದ ದಾಖಲೆಯಲ್ಲಿ ಈಗ ನನ್ನ ತಪ್ಪು ಕಾಗುಣಿತವೂ ಸೇರಿಕೊಂಡಿದೆ. ಜಗತ್ತಿನಲ್ಲಿ ಯಾರು ಬೇಕಾದರೂ ಹುಡುಕಿ ಓದಬಹುದು.

ಎರಡು ವರ್ಷ ಕಳೆಯಿತು. ನಡುವೆ ಲಾಕ್‌ಡೌನ್ ಬಂದು, ಅಂಗಡಿ ಮುಚ್ಚಿದ್ದಾಗ ಆ ಸೈಟಿನ ಫೋಟೊ ನೋಡಿಯೇ ಜನ ವಾಟ್ಸ್ಆ್ಯಪ್‌ನಲ್ಲಿ ದರ ಕೇಳುವಂತಾಯಿತು. 2021ರ ತುಲಸಿ ಲಗ್ನ ಮುಗಿದು ಮದುವೆಗಳು ಶುರುವಾದ ಹೊತ್ತು. ಕಾಕಾ ಬೆಳಿಗ್ಗೆಯೇ ಫೋನ್ ಮಾಡಿದರು. “ತಮ್ಮಾ, ನಮ್ಮ ಅಂಗಡಿ ಕಳ್ಳರ ಕೈಯಾಗ ಹ್ವಾತೇನೋ? ಕೆಂಪಗ ಬರಾಕತ್ತದ.”

ಸರ್ಟಿಫಿಕೇಟಿನ ಅವಧಿ ಮುಗಿದಿತ್ತು. ನೆನಪೋಲೆಗಳು ನಾನು ನೋಡುವುದನ್ನೇ ಬಿಟ್ಟಿದ್ದ ಹಳೇ ಮೇಲ್‌ಗೆ ಒಂದರ ಹಿಂದೊಂದು ಬಂದು ಬಿದ್ದಿದ್ದವು. ಸಾಮಾನ್ಯವಾಗಿ ಇಂಥ ಎಚ್ಚರಿಕೆ ಬಂದರೂ ಪರವಾಗಿಲ್ಲ, ಮುಂದೆ ಹೋಗು ಎಂದು ಒತ್ತಿ ಒಳಹೋಗಲು ಒಂದು ಸಂದಿ ಇರುತ್ತದೆ. ನಾನು ಜಾಣತನ ಮಾಡಿ ಎಚ್‌ಎಸ್‌ಟಿಎಸ್ ಎಂಬ ಕಟ್ಟುಪಾಡನ್ನೂ ಹಾಕಿಟ್ಟಿದ್ದೆ. ಸರಿಯಾದ ಬೀಗವಿಲ್ಲದೆ ಈ ಸೈಟು ತೆರೆಯಲೇಬೇಡ ಎಂದು ಅದು ಬ್ರೌಸರಿಗೆ ಮೊದಲೇ ಆಣೆ ಹಾಕಿರುತ್ತದೆ. ಹಾಗಾಗಿ ಒಮ್ಮೆ ಸೈಟಿಗೆ ಬಂದಿದ್ದ ಹಳೇ ಗಿರಾಕಿಗಳಿಗೆ ಆ ಸಂದಿಯೂ ಇಲ್ಲ. ವಿಚಿತ್ರವೆಂದರೆ ಮಂಗಳವೇಢೆ, ಜತ್ತದವರಿಗೆ ಯಾವ ತೊಂದರೆಯೂ ಆಗಲಿಲ್ಲ. ಮರಾಠಿ ಕಡೆಯ ಬಿಟ್ಟಿ ಸರ್ಟಿಫಿಕೇಟು 90 ದಿನಗಳ ಅವಧಿಯದ್ದಾದರೂ, ಮುಗಿಯುವ ಮೊದಲೇ ತನ್ನಷ್ಟಕ್ಕೆ ತಾನು ಹೊಸದಾಗುತ್ತಾ ನಿಂತಿತ್ತು. ಸತ್ತದ್ದು ಬ್ಯಾಂಕಿನವರ ದರ್ಜೆಯದು.

ಇವಿ ನವೀಕರಿಸಲು ಮತ್ತೆ ಕಾಗದ, ಮತ್ತೆ ದಿವಾನಜಿಗೆ ಫೋನು. ಅಷ್ಟು ದಿನ ಯಾರು ಕಾಯಬೇಕು? ಕನ್ನಡದ ಬಾಗಿಲಿಗೂ ಅದೇ ಪುಕ್ಕಟೆಯದನ್ನು ಹಾಕಿದೆ. ಕಾಕಾ ಫೋನ್ ಇಟ್ಟು ಚಹಾ ಕುಡಿಯುವಷ್ಟರಲ್ಲಿ ಸೈಟು ಎದ್ದಿತು. 2020ರ ಫೆಬ್ರವರಿಯಲ್ಲಿ ಮೈಕ್ರೊಸಾಫ್ಟ್ ಟೀಮ್ಸ್ ಕೂಡ ಸರ್ಟಿಫಿಕೇಟಿನ ಅವಧಿ ಮುಗಿದದ್ದು ಗಮನಕ್ಕೆ ಬಾರದೆ ಕೆಲವು ಗಂಟೆ ನೆಲಕಚ್ಚಿತ್ತು ಎಂದು ಆಮೇಲೆ ಓದಿ ಸಮಾಧಾನಪಟ್ಟೆ. ಅವರಿಗೆ ಬೈಯಲು ಕಾಕಾ ಇರಲಿಲ್ಲ.

ಆ ಸಂಜೆ ಹೋಗಿ ಎಲ್ಲವನ್ನೂ ಹೇಳಿದೆ: ಹಸಿರಿನದು, ಬಿಟ್ಟಿಯದು, ನನಗೆ ಉಳಿದ ನಾಲ್ಕು ಕಾಸಿನದು. ಕಾಕಾ ಕೇಳಿದ್ದು ಒಂದೇ ಪ್ರಶ್ನೆ. “ಅಂದ್ರ ಗಿರಾಕಿ ನಮ್ಮನ್ನ ಗುರ್ತ ಹಿಡಿಯಾಕ ಅದು ಬೇಕಾಗಿದ್ದಿಲ್ಲ?” ಇಲ್ಲ ಎಂದೆ. ಅವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಹೆಸರು ಮಾಡಬೇಕಾಗಿದ್ದದ್ದು ನಾನು. ಅವರ ಅಂಗಡಿಗೆ ಹೆಸರು ಮೊದಲೇ ಇತ್ತು.

ಈಗ ಯಾರಾದರೂ ಯಾವ ಸರ್ಟಿಫಿಕೇಟು ಹಾಕಲಿ ಎಂದು ಕೇಳಿದರೆ, ಸೈಟು ಏನು ಮಾಡುತ್ತದೆ, ಎಷ್ಟು ಹೆಸರುಗಳಿವೆ, ನವೀಕರಣ ಯಾರು ನೋಡಿಕೊಳ್ಳುತ್ತಾರೆ ಎಂದು ಮೊದಲು ನಾನೇ ಕೇಳುತ್ತೇನೆ. ಅಂಗಡಿ, ಶಾಲೆ, ಮಠ, ನಿಂಬೆ ಬೆಳೆಗಾರರ ಸಂಘ, ಇವಕ್ಕೆಲ್ಲ ಡಿವಿ ಧಾರಾಳ ಸಾಕು. ಆನ್‌ಲೈನಿನಲ್ಲಿ ಹಣ ತೆಗೆದುಕೊಂಡರೂ ಬಹುಪಾಲು ಕಡೆ ಕಾರ್ಡಿನ ವಿವರ ತುಂಬುವುದು ಪಾವತಿ ಕಂಪನಿಯ ಪುಟದಲ್ಲಿ, ನಿಮ್ಮದರಲ್ಲಲ್ಲ. ಟೆಂಡರಿನಲ್ಲೋ ದೊಡ್ಡ ಸಂಸ್ಥೆಯ ಒಪ್ಪಂದದಲ್ಲೋ ಒವಿ, ಇವಿ ಬೇಕೆಂದು ಬರೆದಿದ್ದರೆ ಹಾಕಿಸಿ, ಇಲ್ಲದಿದ್ದರೆ ಆ ರೊಕ್ಕದಲ್ಲಿ ಸೀರೆಯ ಒಳ್ಳೆಯ ಫೋಟೊ ತೆಗೆಸಿ. ಬ್ಯಾಂಕುಗಳ ಗುರುತಿನ ವಿಷಯದಲ್ಲಿ ರಿಸರ್ವ್ ಬ್ಯಾಂಕೂ ಕೊನೆಗೆ ಹಿಡಿದದ್ದು ವಿಳಾಸದ ದಾರಿಯನ್ನೇ. 2025ರ ಅಕ್ಟೋಬರ್ 31ರೊಳಗೆ ಎಲ್ಲ ಬ್ಯಾಂಕುಗಳು ಡಾಟ್ ಬ್ಯಾಂಕ್ ಡಾಟ್ ಇನ್ ಡೊಮೇನಿಗೆ ಬರಬೇಕೆಂದು ಅದು ಹೇಳಿತು. ಬ್ಯಾಂಕಿನ ಸೈಟು ತೆರೆಯುವಾಗ ಬೀಗಕ್ಕಿಂತ ಮೊದಲು ಆ ಬಾಲ ನೋಡಿ.

ಒಂದು ಮಾತು, ಸರ್ಟಿಫಿಕೇಟನ್ನು ಇನ್ನೂ ಕೈಯಿಂದಲೇ ಹಾಕುವ ನನ್ನಂಥವರಿಗೆ. ಎರಡು ವರ್ಷದ ಕಾಲ ಹೋಯಿತು. 2020ರ ಸೆಪ್ಟೆಂಬರಿನಿಂದ ಗರಿಷ್ಠ ಅವಧಿ 398 ದಿನಕ್ಕೆ ಇಳಿಯಿತು. 2025ರಲ್ಲಿ ಆದ ತೀರ್ಮಾನದ ಪ್ರಕಾರ 2026ರ ಮಾರ್ಚ್ 15ರಿಂದ 200 ದಿನ, 2027ರ ಮಾರ್ಚ್ 15ರಿಂದ 100 ದಿನ, 2029ರ ಮಾರ್ಚ್ 15ರಿಂದ ಬರೀ 47 ದಿನ. ಲೆಟ್ಸ್ ಎನ್‌ಕ್ರಿಪ್ಟ್‌ನವರು 2025ರ ಜೂನ್‌ನಿಂದ ಅವಧಿ ಮುಗಿಯುವ ನೆನಪೋಲೆ ಕಳಿಸುವುದನ್ನೂ ನಿಲ್ಲಿಸಿದ್ದಾರೆ. ನಿಮ್ಮ ಸೈಟಿನ ತಾರೀಕು ಎಂದು ಮುಗಿಯುತ್ತದೆ, ತಾನಾಗಿ ಹೊಸದಾಗುವ ವ್ಯವಸ್ಥೆ ಇದೆಯೋ ಇಲ್ಲವೋ, ಲಗ್ನದ ಸೀಜನ್ನಿಗೆ ಮೊದಲು ಒಮ್ಮೆ ನೋಡಿಕೊಳ್ಳಿ.